ದಡ ಸೇರಿದ ಮೇಲೂ

ಹಡಗಿನಿಂದ ಇಳಿದು ಬಂದ ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯ ನೆಲ ನಿಧಾನವಾಗಿ ಮೇಲೆದ್ದು ಕೆಳಗಿಳಿಯಿತು. ನಾನು ಸಿಂಕಿನ ಅಂಚನ್ನು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಲೋಟದ ನೀರು ಮಾತ್ರ ಅಲುಗದೆ ನಿಂತಿತ್ತು. ಅದನ್ನು ನೋಡಿದ ಮೇಲೆ ತೂಗುತ್ತಿರುವುದು ನಾನೊಬ್ಬಳೇ ಎಂದು ಗೊತ್ತಾಯಿತು.

ಆಗ ಹೆದರಿಕೆಯೇನೂ ಆಗಲಿಲ್ಲ. ಅಪ್ಪ ಅಮ್ಮನ ಮದುವೆಯಾಗಿ ಮೂವತ್ತು ವರ್ಷವಾದ ನೆಪಕ್ಕೆ, ಅಮ್ಮನ ಬಹುದಿನದ ಆಸೆಯಂತೆ, ನಾವು ಮೂವರು ಪೆನಾಂಗ್ ಮತ್ತು ಫುಕೆಟ್‌ಗೆ ಹೋಗಿ ಬರುವ ಪ್ರವಾಸಿ ಹಡಗಿನಲ್ಲಿ ಕೆಲವು ದಿನ ಕಳೆದಿದ್ದೆವು. ಇಳಿದ ಮೇಲೆ ಸ್ವಲ್ಪ ಹೊತ್ತು ಎಲ್ಲರಿಗೂ ಹೀಗಾಗುತ್ತದೆ. ಅಪ್ಪ ನಗುತ್ತ ಹೇಳಿದರು: “ನಂಗೂ ಶವರ್‌ನಲ್ಲಿ ನಿಂತಾಗ ಹಂಗೇ ಆಯ್ತು. ಎರಡು ದಿನ ಬಿಡು, ಸರಿಹೋಗುತ್ತೆ.”

ಅವರಿಗೆ ಸರಿಹೋಯಿತು. ನನಗೆ ಹೋಗಲಿಲ್ಲ. ವಾರಗಳಾದವು, ತಿಂಗಳಾಯಿತು. ನಿಂತರೆ, ಕೂತರೆ, ಮಲಗಿದರೆ, ಕೆಳಗೊಂದು ಅಲೆ ಬಂದು ಹೋಗುತ್ತಲೇ ಇತ್ತು.

ನನ್ನ ಬಗ್ಗೆ ಬರೆಯುವ ಅಭ್ಯಾಸ ನನಗಿಲ್ಲ. ಆ ತಿಂಗಳುಗಳಲ್ಲಿ ಇಂಥದ್ದು ಇನ್ಯಾರಿಗಾದರೂ ಆಗಿದೆಯೇ ಎಂದು ಹುಡುಕುತ್ತಿದ್ದೆ. ಇಂಗ್ಲಿಷಿನಲ್ಲಿ ಕೆಲವರು ಸಿಕ್ಕರು, ಕನ್ನಡದಲ್ಲಿ ಒಬ್ಬರೂ ಸಿಗಲಿಲ್ಲ. ಈಗ ಯಾರಾದರೂ ಹುಡುಕುತ್ತಿದ್ದರೆ ಅವರಿಗೊಂದು ಪುಟವಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ನಾನು ಇಲ್ಲಿ, ಸಿಂಗಾಪುರದ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ನನ್ನ ವಿಷಯವನ್ನು ಹೇಳಿದರೆ ಜನ ನಗುತ್ತಾರೆ, ಈಗ ನಾನೂ ನಗುತ್ತೇನೆ. ನಾಲ್ಕು ಶತಮಾನಗಳ ಹಿಂದೆ ಧರ್ಮದ ಕಾರಣಕ್ಕೆ ಇಂಗ್ಲೆಂಡ್ ಬಿಟ್ಟು, ಮೊದಲು ಹಾಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ ವಲಸಿಗರ ಕಡಲಯಾನ. ಅವರು ಎರಡು ಹಡಗುಗಳಲ್ಲಿ ಹೊರಟರು. ಚಿಕ್ಕ ಹಡಗು ಸೋರಿತು. ಬಂದರಿಗೆ ಹಿಂದಿರುಗಿ ರಿಪೇರಿ ಮಾಡಿ ಮತ್ತೆ ಹೊರಟರು, ಅದು ಮತ್ತೆ ಸೋರಿತು. ಕೊನೆಗೆ ಅದನ್ನು ಬಿಟ್ಟು, ಕೆಲವರು ಆಸೆಯನ್ನೇ ಬಿಟ್ಟು ಹಿಂದೆ ನಿಂತರೆ, ಉಳಿದವರು ಮೇಫ್ಲವರ್ ಎಂಬ ಒಂದೇ ಹಡಗಿನಲ್ಲಿ ತುಂಬಿಕೊಂಡರು. ಬಿರುಗಾಳಿಯಲ್ಲಿ, ತಲೆಯೆತ್ತಿ ನಿಲ್ಲಲೂ ಕಷ್ಟವಾದ ಮಧ್ಯದ ಅಟ್ಟದಲ್ಲಿ, ವಾಂತಿ ಮಾಡುತ್ತ ಸಾಗರ ದಾಟಿದರು. ಇದನ್ನೆಲ್ಲ ನಾನು ಅಲ್ಲಾಡದ ಕುರ್ಚಿಯ ಮೇಲೆ ಕೂತು ವರ್ಷಗಟ್ಟಲೆ ಓದಿದ್ದೆ. ‘ಪ್ರಯಾಣದ ಕಷ್ಟಗಳು’ ಎಂದು ಅಧ್ಯಾಯಕ್ಕೆ ಹೆಸರಿಟ್ಟಿದ್ದೆ.

ಮೊದಲ ಡಾಕ್ಟರು ವಾಕರಿಕೆಯ ಮಾತ್ರೆ ಕೊಟ್ಟರು. ನಿದ್ದೆ ಬಂತು, ನಿದ್ದೆಯಲ್ಲೂ ತೂಗಿತು. ಎರಡನೆಯವರು ಕಿವಿ ನೋಡಿದರು. ಕಿವಿ ಚೆನ್ನಾಗಿತ್ತು. ತಲೆಯ ಸ್ಕ್ಯಾನ್ ಆಯಿತು. ತಲೆಯೂ ಚೆನ್ನಾಗಿತ್ತು. “ಎಲ್ಲ ನಾರ್ಮಲ್” ಎನ್ನುವ ಮಾತಿಗೆ ಅಪ್ಪ ಪ್ರತಿಸಲವೂ ಖುಷಿಪಟ್ಟರು. ನನಗೆ ಪ್ರತಿಸಲವೂ ಒಂದು ಬಾಗಿಲು ಮುಚ್ಚಿದ ಹಾಗಾಗುತ್ತಿತ್ತು. ಮೂರನೆಯವರು ಪಿಎಚ್‌ಡಿಯ ಒತ್ತಡವೇ ಎಂದು ಮೆಲ್ಲಗೆ ಕೇಳಿದರು. ಹೌದೆನ್ನಲಿಲ್ಲ, ಇಲ್ಲವೆನ್ನುವ ಧೈರ್ಯವೂ ಬರಲಿಲ್ಲ.

ಆ ಆಸ್ಪತ್ರೆಗಳ ಕಾಯುವ ಕೋಣೆಗಳಲ್ಲಿ ಒಂದು ಚೆನ್ನಾಗಿ ನೆನಪಿದೆ. ತಲೆಸುತ್ತಿನ ಕ್ಲಿನಿಕ್ ಅದು. ಕೂತವರೆಲ್ಲ ಕುರ್ಚಿಯ ಕೈಗಳನ್ನು ಹಿಡಿದುಕೊಂಡಿದ್ದರು, ವಿಮಾನ ಇಳಿಯುತ್ತಿದೆಯೇನೋ ಎಂಬಂತೆ. ಪಕ್ಕದ ಚೀನೀ ಅಂಕಲ್ ನನ್ನ ಕೈ ನೋಡಿದರು.

“ನಿನಗೂ ಗಿಡ್ಡಿನೆಸ್ಸಾ? ಇಷ್ಟು ಚಿಕ್ಕ ವಯಸ್ಸಿಗೆ?”

“ಹೂಂ, ಅಂಕಲ್.”

ಅವರು ಎದ್ದು, ಊರುಗೋಲು ಹುಡುಕಿಕೊಂಡು, ತಮ್ಮ ಮೂಲೆಯ ಕುರ್ಚಿಯನ್ನು ನನಗೆ ಬಿಟ್ಟರು. “ಇಲ್ಲಿ ಕೂತ್ಕೋ. ಬೆನ್ನು, ಭುಜ ಎರಡೂ ಗೋಡೆಗೆ ಒತ್ತು. ಗೋಡೆ ಮೋಸ ಮಾಡಲ್ಲ ಲಾ,” ಎಂದರು ಸಿಂಗಾಪುರದವರ ಧಾಟಿಯಲ್ಲಿ. ಅಷ್ಟು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಉಪಯುಕ್ತ ಸಲಹೆ ಅದು.

ಮನೆಯಲ್ಲಿ ಅಮ್ಮ ದೃಷ್ಟಿ ತೆಗೆದಳು. ಅಪ್ಪ ರಾಫೆಲ್ಸ್ ಪ್ಲೇಸ್‌ನ ಬ್ಯಾಂಕಿನಿಂದ ಬರುವಾಗ ಶುಂಠಿ ಮಿಠಾಯಿ ತಂದರು, ಮುಗಿಯುವ ಮೊದಲೇ ಮತ್ತೆ ತಂದರು. ಮೈಸೂರಿನಿಂದ ಅಜ್ಜಿ, ಅಮ್ಮನ ಅಮ್ಮ, ವಿಡಿಯೋ ಕಾಲ್ ಮಾಡಿದಳು. ಅಜ್ಜಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ವಯಸ್ಸಾಗಿಲ್ಲ.

“ಕಡಲು ದಾಟ್ಬಾರ್ದು ಅಂತ ಹಿರಿಯರು ಸುಮ್ನೆ ಹೇಳಿದ್ರೇನೇ? ನಮ್ಮ ತಾತನ ತಮ್ಮ ಸೀಮೆಗೆ ಹೋಗಿ ಬಂದಾಗ ಪಂಚಗವ್ಯ ಕುಡಿಸಿ ಒಳಗೆ ಕರ್ಕೊಂಡ್ರಂತೆ. ಆಮೇಲೂ ಪಂಕ್ತೀಲಿ ಕೊನೇ ಎಲೆ ಅವರದ್ದೇ.”

“ಅಜ್ಜಿ, ನೀವೂ ಸಿಂಗಾಪುರಕ್ಕೆ ಎರಡು ಸಲ ಬಂದಿದೀರ.”

“ನಾನು ವಿಮಾನದಲ್ಲಿ ಬಂದೆ ಮಗು. ಹಿರಿಯರು ಹಡಗಿನ ಬಗ್ಗೆ ಹೇಳಿದ್ರು. ವಿಮಾನದ ಬಗ್ಗೆ ಏನೂ ಹೇಳಿಲ್ಲ.”

ನಾನು, ಅಜ್ಜಿ ಇಬ್ಬರೂ ನಕ್ಕೆವು. ಅಮ್ಮ ನಗಲಿಲ್ಲ. ಹಡಗು ಬುಕ್ ಮಾಡಿದ್ದು ಅವಳು.

ಅಜ್ಜಿಯ ಮಾತು ನನ್ನ ತಲೆಯಲ್ಲೂ ಉಳಿಯಿತು. ಕಡಲು ದಾಟಿದರೆ ಧರ್ಮ ಹೋಗುತ್ತದೆ ಎಂದು ನನ್ನ ಹಿರಿಯರು ನಂಬಿದ್ದರು. ನಾನು ಓದುತ್ತಿದ್ದ ಜನ ಧರ್ಮ ಉಳಿಸಿಕೊಳ್ಳಲೆಂದೇ ಕಡಲು ದಾಟಿದ್ದರು. ಎರಡೂ ಕಡೆಯವರಿಗೆ ಕಡಲು ದಾಟುವುದು ಸಣ್ಣ ಸಂಗತಿಯಾಗಿರಲಿಲ್ಲ. ನಾವು ಮಾತ್ರ ಬಫೆ ಊಟಕ್ಕೆಂದು ದಾಟಿದ್ದೆವು.

ರೈಲಿನ ವಿಷಯ ತಿಳಿದದ್ದು ಆಕಸ್ಮಿಕವಾಗಿ. ನಮ್ಮ ಮನೆ ಪಾಸಿರ್ ರಿಸ್‌ನಲ್ಲಿ. ಅಲ್ಲಿಂದ ಹೊರಡುವ ಎಂಆರ್‌ಟಿ ಮೆಟ್ರೋ ರೈಲು ಇಡೀ ದ್ವೀಪವನ್ನು ಅಡ್ಡ ದಾಟಿ ಜುರಾಂಗ್ ಕಡೆಗೆ ಹೋಗುತ್ತದೆ. ರಜೆಯ ಕಾಗದಕ್ಕೆ ಸಹಿ ಹಾಕಿಸಲು ವಿಭಾಗಕ್ಕೆ ಹೊರಟಿದ್ದೆ. ಆ ಸೆಮಿಸ್ಟರಿನಲ್ಲಿ ಪಾಠ ಮಾಡಲಾರೆ ಎಂದು ಹೇಳಿಯಾಗಿತ್ತು. ಮುಂದಿನದಕ್ಕೂ ಆಗದಿದ್ದರೆ ಸಂಶೋಧನೆಯನ್ನೇ ನಿಲ್ಲಿಸಬೇಕಾಗಬಹುದು ಎಂದು ಮಾರ್ಗದರ್ಶಕಿ ಬಹಳ ಸೌಜನ್ಯದಿಂದ ತಿಳಿಸಿದ್ದರು. ರೈಲು ಹೊರಟಿತು. ಎರಡನೇ ಸ್ಟೇಷನ್ ಬರುವಷ್ಟರಲ್ಲಿ ಅಲೆ ನಿಂತುಹೋಗಿತ್ತು.

ಸುತ್ತ ನಿಂತವರೆಲ್ಲ ತಿರುವಿನಲ್ಲಿ ವಾಲುತ್ತಿದ್ದರು. ನಾನು ಏನನ್ನೂ ಹಿಡಿಯದೆ ನಿಂತಿದ್ದೆ. ಇಳಿಯಬೇಕಾದ ಕಡೆ ಇಳಿಯಲಿಲ್ಲ.

ಆಮೇಲೆ ದಿನವೂ ಹೋಗತೊಡಗಿದೆ. ಪಾಸಿರ್ ರಿಸ್‌ನಿಂದ ಜುರಾಂಗ್, ಜುರಾಂಗ್‌ನಿಂದ ಪಾಸಿರ್ ರಿಸ್. ರೈಲಿನಲ್ಲಿ ನಾನು ಮೊದಲಿನವಳಾಗುತ್ತಿದ್ದೆ, ಓದುತ್ತಿದ್ದೆ, ಟಿಪ್ಪಣಿ ಮಾಡುತ್ತಿದ್ದೆ. ಪ್ಲಾಟ್‌ಫಾರ್ಮಿಗೆ ಕಾಲಿಟ್ಟರೆ ಅಲೆ ಮತ್ತೆ ಬರುತ್ತಿತ್ತು, ಮೊದಲಿಗಿಂತ ಜೋರಾಗಿ. ಈ ವಿಷಯವನ್ನು ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ. ಅಲ್ಲಾಡದ ಮನೆಯಲ್ಲಿ ನಿಲ್ಲಲಾಗದವಳು ಅಲ್ಲಾಡುವ ರೈಲಿನಲ್ಲಿ ನೆಟ್ಟಗಿರುತ್ತಾಳೆ ಎಂದರೆ ಯಾರು ನಂಬುತ್ತಾರೆ? ಕೇಳಿದರೆ ನನಗೇ ಸುಳ್ಳೆನಿಸುತ್ತಿತ್ತು.

ಅಮ್ಮನ ಭಜನೆಯ ಗುಂಪಿನಲ್ಲಿ ಮೀನಾ ಆಂಟಿ ಎಂಬುವರಿದ್ದಾರೆ. ಅವರ ಮನೆ ಜುರಾಂಗ್ ವೆಸ್ಟ್‌ನಲ್ಲಿ. ಒಂದು ಮಧ್ಯಾಹ್ನ ಅಮ್ಮ ಹುರುಳಿಕಾಯಿ ಹೆಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು: “ಮೀನಾ ಆಂಟಿ ಫೋನ್ ಮಾಡಿದ್ರು.”

“ಹೂಂ.”

“ನಿನ್ನ ಟ್ರೇನಲ್ಲಿ ನೋಡಿದ್ರಂತೆ. ಹೋದ ವಾರವೂ ನೋಡಿದ್ರಂತೆ. ಅವರ ಮನೆ ಹತ್ರಾನೇ.”

“ಹೂಂ.”

“ಯಾರಾದ್ರೂ ಇದ್ರೆ ಹೇಳ್ಬಿಡು ಪುಟ್ಟಿ. ನಾವೇನು ಅಷ್ಟು ಹಳೇ ಕಾಲದವರಲ್ಲ. ಆದ್ರೆ ಹುಷಾರಿಲ್ಲ ಅಂತ ಹೇಳ್ಕೊಂಡು ಯಾಕೆ ಹೋಗ್ಬೇಕು?”

“ಯಾರೂ ಇಲ್ಲಮ್ಮ.”

“ಮತ್ತೆ ಜುರಾಂಗ್‌ನಲ್ಲಿ ಏನಿದೆ?”

“ಏನಿಲ್ಲ. ಟ್ರೇನ್‌ನಲ್ಲಿ ಕೂತ್ರೆ ಅಲ್ಲಾಡಲ್ಲ. ಅದಕ್ಕೆ ಹೋಗ್ತೀನಿ.”

ಅಮ್ಮನ ಚಾಕು ನಿಂತಿತು. ಇಷ್ಟು ತಿಂಗಳು ಮನೆಯಲ್ಲಿ ಗೋಡೆ ಹಿಡಿದು ನಡೆದದ್ದು ನಾಟಕವೇ ಎಂದು ಅವಳು ಕೇಳಲಿಲ್ಲ. ಕೇಳದಿರಲು ಅವಳು ಪಟ್ಟ ಪ್ರಯತ್ನ ಮಾತ್ರ ನನಗೆ ಕಾಣಿಸಿತು.

ಮರುದಿನ ನಾನು ಹೊರಡುವಾಗ ಅವಳು ರೈಲಿನ ಎಸಿಗೆಂದು ಸ್ವೆಟರ್ ಹಾಕಿಕೊಂಡು, ಬ್ಯಾಗು ಹಿಡಿದು, ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ. ಆ ಟ್ರೇನಲ್ಲಿ ಏನಿದೆ ಅಂತ ನೋಡೇಬಿಡೋಣ.”

ಲಿಫ್ಟಿನಲ್ಲಿ ನಾನು ಗೋಡೆಗೆ ಒರಗಿದ್ದೆ. ಕಟ್ಟಡದ ತಳದ ತೆರೆದ ಅಂಗಳ, ವಾಯ್ಡ್ ಡೆಕ್‌ನ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ನಡೆದೆ. ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು. ರೈಲು ಹೊರಟು ಸ್ವಲ್ಪ ಹೊತ್ತಿಗೆ ನನ್ನ ಭುಜಗಳು ತಾವಾಗಿ ಇಳಿದಿರಬೇಕು. ಅಮ್ಮ ನನ್ನ ಕೈ ಎತ್ತಿ, ಬೆರಳುಗಳನ್ನು ಬಿಡಿಸಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಮುಷ್ಟಿ ಇಲ್ಲ,” ಎಂದಳು. “ಮನೇಲಿ ನಿದ್ದೇಲೂ ಮುಷ್ಟಿ ಕಟ್ಕೊಂಡಿರ್ತೀಯ.”

ಎಷ್ಟೋ ಸ್ಟೇಷನ್‌ಗಳು ಕಳೆದವು. ಆಮೇಲೆ ಅವಳು ಕಣ್ಣೊರೆಸಿಕೊಂಡು, ನನ್ನ ತೊಡೆಯ ಮೇಲಿದ್ದ ಪುಸ್ತಕ ನೋಡಿ, ಕೇಳಿದಳು: “ಅದೇ ಹಡಗಿನವರಾ?”

ಹೇಳಿದೆ. ಇಷ್ಟು ವರ್ಷದಲ್ಲಿ ನನ್ನ ವಿಷಯವನ್ನು ಅಮ್ಮನಿಗೆ ಮೊದಲ ಸಲ ಸರಿಯಾಗಿ ಹೇಳಿದ್ದು ಆಗಲೇ. ಸಾಗರದ ಮಧ್ಯೆ ಹಡಗಿನ ಮುಖ್ಯ ತೊಲೆಯೊಂದು ಬಿರುಕು ಬಿಟ್ಟಿತು. ಹಿಂದಿರುಗಬೇಕೇ ಎಂದು ಚರ್ಚೆಯಾಯಿತು. ಪ್ರಯಾಣಿಕರು ತಂದಿದ್ದ ದೊಡ್ಡ ಕಬ್ಬಿಣದ ತಿರುಪಿನಿಂದ ತೊಲೆಯನ್ನು ಎತ್ತಿ, ಕೆಳಗೊಂದು ಆಸರೆ ಕೊಟ್ಟು, ಮುಂದೆ ಹೋದರು. ಅಮ್ಮನಿಗೆ ತೊಲೆ ಮುಖ್ಯವಾಗಲಿಲ್ಲ.

“ಅಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಿದ್ರು?”

“ಬಿರುಗಾಳೀಲಿ ಒಲೆ ಹಚ್ಚೋಕೆ ಆಗ್ತಿರಲಿಲ್ಲ. ಒಣ ಬಿಸ್ಕೆಟ್ಟು, ಉಪ್ಪು ಹಾಕಿದ ಮಾಂಸ.”

“ಬಸುರಿಯರು ಇದ್ರಾ?”

“ಇದ್ರು. ಒಂದು ಮಗು ಹಡಗಲ್ಲೇ ಹುಟ್ಟಿತು.”

“ಅಯ್ಯೋ, ಬಾಣಂತಿಗೂ ಬಿಸ್ಕೆಟ್ಟೇ ಕೊಟ್ರಾ?” ಎಂದು ಅಮ್ಮ ಎದುರು ಸೀಟಿನವರು ತಲೆಯೆತ್ತುವಷ್ಟು ಜೋರಾಗಿ ಕೇಳಿದಳು.

ಕಾಯಿಲೆ ಬಿದ್ದ ಪ್ರಯಾಣಿಕರನ್ನು ಅಣಕಿಸುತ್ತಿದ್ದ ಒಬ್ಬ ನಾವಿಕನ ಕತೆಯನ್ನೂ ಹೇಳಿದೆ. ನಿಮ್ಮನ್ನೆಲ್ಲ ಕಡಲಿಗೆ ಎಸೆಯುತ್ತೇನೆ ಎನ್ನುತ್ತಿದ್ದವನು ಎಲ್ಲರಿಗಿಂತ ಮೊದಲು ತಾನೇ ಸತ್ತ. ಅಮ್ಮ ತಲೆಯಾಡಿಸಿದಳು. “ಮೀನಾಗೆ ಈ ಕತೆ ಹೇಳ್ಬೇಕು.”

ಹೊರಡುವ ಮುಂಚೆ ಅವರು ಉಪವಾಸವಿದ್ದು ಪ್ರಾರ್ಥಿಸಿದರು ಎಂದಾಗ ಅವಳು ತಿರುಗಿ ಕೂತಳು.

“ಅವರಲ್ಲೂ ಉಂಟಾ? ಎಷ್ಟು ದಿನ?”

“ಒಂದು ದಿನ. ಆಮೇಲೆ ಎಲ್ಲರಿಗೂ ಊಟ ಹಾಕಿ ಕಳಿಸಿದ್ರು.”

“ಹಡಗು ಸೇಫಾಗಿ ತಲುಪೋವರೆಗೂ ಅಲ್ವಾ?”

“ಅಲ್ಲಮ್ಮ. ಹೊರಡೋಕೆ ಮುಂಚೆಯೇ ಮುಗಿಸಿದ್ರು.”

“ಓಹೋ,” ಎಂದಳು. ಅವಳಿಗೆ ಅದು ಸಮಾಧಾನ ಕೊಟ್ಟಂತೆ ಕಾಣಲಿಲ್ಲ.

ಕಾರಣ ಸಂಜೆ ತಿಳಿಯಿತು. ಅಪ್ಪ ಬಿಸಿನೀರಿಗೆ ಇನ್‌ಸ್ಟಂಟ್ ಪುಡಿ ಕದಡಿಕೊಳ್ಳುತ್ತಿದ್ದರು. ಅಮ್ಮನ ಹಿತ್ತಾಳೆಯ ಫಿಲ್ಟರು ಮೇಲಿನ ಶೆಲ್ಫಿನಲ್ಲಿ ಬೋರಲಾಗಿ ಕೂತಿತ್ತು. ಎಷ್ಟು ದಿನದಿಂದ ಕೂತಿತ್ತೋ, ನಾನು ಗಮನಿಸಿರಲಿಲ್ಲ. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವವಳು, ಹಡಗಿಗೂ ಪುಡಿ ಒಯ್ದವಳು ಅವಳು.

ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು: “ಹರಕೆ ಹೊತ್ತಿದಾಳೆ. ನಿಂಗೆ ಪೂರ್ತಿ ವಾಸಿಯಾಗೋವರೆಗೂ ಕಾಫಿ ಮುಟ್ಟಲ್ಲ ಅಂತ. ನಾನು ಹೇಳ್ದೆ ಅಂತ ಹೇಳ್ಬೇಡ ಕಂದ. ತಲೆನೋವು ಬಂದು ಒದ್ದಾಡ್ತಾಳೆ, ಆದ್ರೂ ಕೇಳಲ್ಲ.”

ಅಂದಿನಿಂದ ನನ್ನ ಅಲೆಗೆ ಅಮ್ಮನ ತಲೆನೋವೂ ಸೇರಿಕೊಂಡಿತು.

ನಾಲ್ಕನೆಯ ಡಾಕ್ಟರು ನರರೋಗ ತಜ್ಞರು. ಅವರ ಕೋಣೆಗೆ ಅಮ್ಮನೂ ಬಂದಳು. ನಾನು ಎಂದಿನಂತೆ ಚಿಕ್ಕದಾಗಿ ಉತ್ತರಿಸುತ್ತಿದ್ದೆ. ಅಮ್ಮ ನಡುವೆ ಬಾಯಿ ಹಾಕಿದಳು: “ಡಾಕ್ಟರ್, ಇನ್ ಟ್ರೇನ್ ಶಿ ಈಸ್ ಫೈನ್. ಐ ಸಾ ವಿತ್ ಮೈ ಐಸ್. ಕಮಿಂಗ್ ಔಟ್ ಓನ್ಲಿ ಪ್ರಾಬ್ಲಮ್.”

ನಾನು ನಾಚಿಕೆಯಿಂದ ನೆಲ ನೋಡಿದೆ. ಡಾಕ್ಟರು ಕಂಪ್ಯೂಟರಿನಿಂದ ಕೈ ತೆಗೆದು ಪೂರ್ತಿ ನಮ್ಮ ಕಡೆ ತಿರುಗಿದರು. ಇದು ಶುರುವಾಗುವ ಮೊದಲು ಹಡಗಿನಲ್ಲೇನಾದರೂ ಹೋಗಿದ್ದೆಯಾ ಎಂದು ಕೇಳಿದರು. ಹಿಂದಿನ ಮೂವರಿಗೂ ನಾನು ಹಡಗಿನ ವಿಷಯ ಹೇಳಿದ್ದೆ. ಹಡಗು, ರೈಲು ಎರಡನ್ನೂ ಜೊತೆಗಿಟ್ಟು ನೋಡುವ ಅವಕಾಶ ಮಾತ್ರ ಅವರಿಗೆ ಸಿಕ್ಕಿರಲಿಲ್ಲ.

ಕಾಯಿಲೆಗೆ ಹೆಸರಿತ್ತು. ಅದು ಫ್ರೆಂಚ್ ಹೆಸರು, ಹಡಗಿನಿಂದ ಇಳಿದವರ ಕಾಯಿಲೆ ಎಂದು ಅರ್ಥ. ಕಡಲಿಗೆ ಹೊಂದಿಕೊಂಡ ಮಿದುಳು ಮತ್ತೆ ನೆಲಕ್ಕೆ ಹೊಂದಿಕೊಳ್ಳಲು ಮರೆಯುತ್ತದಂತೆ. “ಇದು ನಿನ್ನ ಕಲ್ಪನೆಯಲ್ಲ,” ಎಂದು ಅವರು ಹೇಳಿದಾಗ ನಾನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದೆ.

“ಪೂರ್ತಿ ಹೋಗುತ್ತಾ?” ಅಮ್ಮ ಕೇಳಿದಳು.

ಕೆಲವರಿಗೆ ಹೋಗುತ್ತದೆ, ಹಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ ಎಂದರು. ತಡವಾದಷ್ಟೂ ಕಷ್ಟ, ನಿನಗೆ ಸ್ವಲ್ಪ ತಡವಾಗಿದೆ ಎಂದೂ ಹೇಳಿದರು. ಅಮ್ಮನಿಗೆ ಅದರಲ್ಲಿ ‘ಪೂರ್ತಿ’ ಎಂಬ ಮಾತು ಸಿಗಲಿಲ್ಲ.

ಚಿಕಿತ್ಸೆ ಕೊಟ್ಟವಳು ಐಶಾ, ನನಗಿಂತ ತುಸು ದೊಡ್ಡವಳಾದ ಮಲಯ್ ಹೆಂಗಸು. ಕತ್ತಲೆ ಕೋಣೆ, ಗೋಡೆಯ ಮೇಲೆ ಒಂದೇ ದಿಕ್ಕಿಗೆ ಸರಿಯುವ ಬೆಳಕಿನ ಪಟ್ಟೆಗಳು. ನಾನು ಅವನ್ನು ನೋಡುತ್ತಿದ್ದರೆ ಹಿಂದಿನಿಂದ ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಎಡಭುಜಕ್ಕೆ, ಬಲಭುಜಕ್ಕೆ ವಾಲಿಸುತ್ತಿದ್ದಳು. ಅವಳ ಕೈಗಳು ಬೆಚ್ಚಗಿರುತ್ತಿದ್ದವು. ಮೊದಮೊದಲು ವಾಕರಿಕೆ ಬಂತು. ಆಮೇಲೆ ಒಂದು ಮಧ್ಯಾಹ್ನ, ಕೋಣೆಯ ದೀಪ ಹಾಕಿದಾಗ, ಅಲೆ ಸ್ವಲ್ಪ ಚಿಕ್ಕದಾಗಿತ್ತು. ನನಗೆ ನಂಬಿಕೆ ಬರಲಿಲ್ಲ. ಹೇಳಿದರೆ ಓಡಿಹೋಗುತ್ತದೆಂದು ಮನೆಯವರೆಗೂ ಸುಮ್ಮನಿದ್ದೆ.

ರೈಲಿನ ವಿಷಯದಲ್ಲಿ ಐಶಾ ಕಟ್ಟುನಿಟ್ಟು. “ಬೇಕಾದಾಗ ಮಾತ್ರ ಹತ್ತು. ಆರಾಮಕ್ಕೆ ಹತ್ತಬೇಡ. ಇಳಿದ ಮೇಲೆ ಜಾಸ್ತಿಯಾಗುತ್ತೆ, ಹೌದಲ್ವಾ? ದಿನಾ ನೀನು ಮತ್ತೆ ಹಡಗು ಹತ್ತುತ್ತಾ ಇದೀಯ.”

ಇದು ಎಲ್ಲಕ್ಕಿಂತ ಕಷ್ಟವಾಗಿತ್ತು. ನನಗೆ ಉಳಿದಿದ್ದ ಒಂದೇ ಸ್ಥಿರವಾದ ಜಾಗ ಅದು.

ಆ ವಲಸಿಗರು ದಡ ಕಂಡ ಕೂಡಲೇ ಹಡಗು ಬಿಟ್ಟವರಲ್ಲ. ಚಳಿಗಾಲ ಶುರುವಾಗಿತ್ತು, ಮನೆಗಳಿರಲಿಲ್ಲ. ಲಂಗರು ಹಾಕಿದ ಅದೇ ಹಡಗಿನಲ್ಲೇ ಬಹುಮಂದಿ ತಿಂಗಳುಗಟ್ಟಲೆ ಇದ್ದರು. ಹಗಲು ದಡಕ್ಕೆ ಹೋಗಿ ಮರ ಕಡಿಯುವುದು, ಮತ್ತೆ ಹಡಗಿಗೆ ಬರುವುದು. ಅರ್ಧದಷ್ಟು ಜನ ಆ ಚಳಿಗಾಲದಲ್ಲಿ ಸತ್ತರು. ಅವರು ಇಳಿದದ್ದು ಖಾಲಿ ದಡದ ಮೇಲಲ್ಲ. ಅಲ್ಲಿನ ಮೂಲ ಜನರನ್ನು ಇವರಿಗಿಂತ ಮೊದಲೇ ಬಂದ ರೋಗವೊಂದು ಹಿಂಡಿತ್ತು, ಇವರು ಮನೆ ಕಟ್ಟಿದ್ದು ಅವರ ಬರಿದಾದ ಊರಿನ ಜಾಗದಲ್ಲಿ. ವಸಂತ ಬಂದಾಗ ಹಡಗು ಇಂಗ್ಲೆಂಡಿಗೆ ಹೊರಟಿತು. ಬದುಕುಳಿದ ವಲಸಿಗರಲ್ಲಿ ಒಬ್ಬರೂ ಅದರಲ್ಲಿ ಹಿಂದಿರುಗಲಿಲ್ಲ. ಅದನ್ನು ನಾನು ಮೊದಲು ಶ್ರದ್ಧೆ ಎಂದು ಬರೆದಿದ್ದೆ. ಈಗ ಅಷ್ಟು ಸುಲಭವಾಗಿ ಬರೆಯಲಾರೆ. ದಡದಲ್ಲಿ ನಿಂತು ಆ ಹಾಯಿಗಳು ಸಣ್ಣವಾಗುವುದನ್ನು ನೋಡುವಾಗ ಕೆಲವರಿಗಾದರೂ ಓಡಿಹೋಗಿ ಹತ್ತಬೇಕೆನಿಸಿರಬೇಕು.

ನಾನು ರೈಲು ಬಿಟ್ಟೆ. ಮನೆಯಲ್ಲಿ, ಗೋಡೆಯ ಮೂಲೆಯಲ್ಲಿ, ಭುಜ ಒತ್ತಿಕೊಂಡು ಕೂತು ಬರೆದೆ. ಮುಂದಿನ ಸೆಮಿಸ್ಟರಿಗೆ ಒಂದು ತರಗತಿ ತೆಗೆದುಕೊಂಡೆ. ಮೇಜಿಗೆ ಸೊಂಟ ಆನಿಸಿ ನಿಂತು ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಅದನ್ನು ನನ್ನ ಶೈಲಿ ಎಂದುಕೊಂಡಿದ್ದಾರೆ.

ದಡಕ್ಕೆ ಕಾಲಿಟ್ಟ ಕೂಡಲೇ ಆ ವಲಸಿಗರು ಮೊಣಕಾಲೂರಿ ದೇವರಿಗೆ ವಂದಿಸಿದರು ಎಂದು ದಾಖಲೆಯಿದೆ. ಅಷ್ಟು ದಿನ ಕಡಲಲ್ಲಿದ್ದವರಿಗೆ ನೆಲವೂ ತೂಗಿರಬೇಕು, ನಿಲ್ಲುವುದಕ್ಕಿಂತ ಮೊಣಕಾಲೂರುವುದು ಸುಲಭವಾಗಿರಬೇಕು ಎಂದು ಅಧ್ಯಾಯದಲ್ಲಿ ಒಂದು ವಾಕ್ಯ ಬರೆದಿದ್ದೆ. ಮಾರ್ಗದರ್ಶಕಿ ಅಂಚಿನಲ್ಲಿ ‘ಆಧಾರ?’ ಎಂದು ಕೇಳಿದರು. ಆಧಾರವಿಲ್ಲ. ಆ ವಾಕ್ಯವನ್ನು ತೆಗೆದೆ.

ಐಶಾ ಮನೆಗೆ ಕೊಟ್ಟ ಅಭ್ಯಾಸಗಳಲ್ಲಿ ಕೊನೆಯದು, ಪಾದ ಜೋಡಿಸಿ, ಕಣ್ಣು ಮುಚ್ಚಿ, ಏನನ್ನೂ ಹಿಡಿಯದೆ ನಿಲ್ಲುವುದು. ಒಂದು ಭಾನುವಾರ ಬೆಳಿಗ್ಗೆ ಪಾಸಿರ್ ರಿಸ್‌ನ ಕಡಲತೀರದ ಪಾರ್ಕಿಗೆ ಹೋದೆವು. ಬಿದ್ದರೆ ಪೆಟ್ಟಾಗದಿರಲಿ ಎಂದು ಮರಳನ್ನು ಆರಿಸಿದ್ದು ಅಮ್ಮ. ಅವಳು ಪಕ್ಕದಲ್ಲಿ ಕೈ ಚಾಚಿ, ಮುಟ್ಟದೆ, ನಿಂತಳು. ನಾನು ಕಣ್ಣು ಮುಚ್ಚಿದೆ.

“ನಿಂತಿದೆಯೇನೇ?” ಅವಳು ಕೇಳಿದಳು.

ಬೆಳಿಗ್ಗೆಯಿಂದ ಆ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಹೂಂ ಅಂದರೆ ಸಾಕಿತ್ತು, ಅವಳ ಫಿಲ್ಟರು ಶೆಲ್ಫಿನಿಂದ ಇಳಿಯುತ್ತಿತ್ತು. ಆದರೆ ಇಷ್ಟು ತಿಂಗಳು ನಾನು ಯಾರಿಗೂ ಸರಿಯಾಗಿ ಹೇಳದೆ ಇದ್ದದ್ದು, ಹೇಳಿದ ಮೊದಲ ದಿನ ಅವಳು ಸ್ವೆಟರ್ ಹಾಕಿಕೊಂಡು ನನ್ನ ಜೊತೆ ಹೊರಟದ್ದು, ಎರಡೂ ನೆನಪಾದವು.

“ಇಲ್ಲಮ್ಮ. ಅಲ್ಲಾಡ್ತಿದೆ. ಮೊದಲಿನಷ್ಟಿಲ್ಲ. ಆದ್ರೆ ಪೂರ್ತಿ ಹೋಗಲ್ಲ ಅನ್ಸುತ್ತೆ.”

ಅಮ್ಮ ಚಪ್ಪಲಿ ಬಿಟ್ಟ ಸದ್ದಾಯಿತು. ನಾನು ಕಣ್ಣು ತೆರೆದಾಗ ಅವಳು ನನ್ನ ಪಕ್ಕದಲ್ಲಿ, ಮರಳಿನ ಮೇಲೆ, ಪಾದ ಜೋಡಿಸಿ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ದುಪಟ್ಟಾದ ಅಂಚು ಹಿಂದೆ ಮುಂದೆ ಸಣ್ಣಗೆ ತೂಗುತ್ತಿತ್ತು. ಗಾಳಿಯಿರಲಿಲ್ಲ.

“ಅಯ್ಯೋ, ನಂಗೂ ಅಲ್ಲಾಡುತ್ತಲ್ಲೇ,” ಎಂದಳು.

“ಎಲ್ಲರಿಗೂ ಅಷ್ಟಿಷ್ಟು ಅಲ್ಲಾಡುತ್ತಮ್ಮ. ನಿಮಗೆಲ್ಲ ಗೊತ್ತಾಗಲ್ಲ ಅಷ್ಟೆ.”

ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕಣ್ಣು ತೆರೆಯದೆಯೇ ಕೇಳಿದಳು: “ಅವರು ಉಪವಾಸ ಒಂದೇ ದಿನ ಮಾಡಿದ್ದು ಅಂದ್ಯಲ್ಲ, ಹಡಗಿನವರು?”

“ಹೂಂ.”

“ತಲುಪೋದು ಗೊತ್ತಾಗೋ ಮುಂಚೇನೇ ಊಟ ಮಾಡಿದ್ರು.”

“ಹೂಂ, ಅಮ್ಮ.”

ಅಮ್ಮ ಕಣ್ಣು ತೆರೆದು, ಕಾಲಿನ ಮರಳು ಒದರಿ, ಚಪ್ಪಲಿ ಮೆಟ್ಟಿಕೊಂಡಳು. “ನಡಿ. ಡಿಕಾಕ್ಷನ್ ಇಳಿಯೋಕೆ ಟೈಮ್ ಬೇಕು.”

ಮನೆಗೆ ಬಂದು ಅವಳು ಸ್ಟೂಲು ಹತ್ತಿ ಫಿಲ್ಟರನ್ನು ಇಳಿಸಿದಳು. ತೊಳೆದಳು. ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿವ ನೀರು ಸುರಿದಳು. ನಾವಿಬ್ಬರೂ ಅಡುಗೆಮನೆಯಲ್ಲೇ ನಿಂತೆವು. ನೆಲ ನಿಧಾನವಾಗಿ ಮೇಲೆದ್ದು ಕೆಳಗಿಳಿಯುತ್ತಿತ್ತು. ನಾನು ಸಿಂಕಿನ ಅಂಚನ್ನು ಹಿಡಿಯದೆ, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಬೀಳುವುದನ್ನು ಕೇಳುತ್ತ ಕಾದೆ.